ಇಂಗ್ಲೆಂಡ್‌ನಲ್ಲಿ 10 ದಿನ ಹೋಟೆಲ್ ಕ್ವಾರಂಟೈನ್: 6 ವರ್ಷದ ಮಗಳ ಜೊತೆ ಹೇಗಿರುವುದು?

ಶಿರಾಗೇಟ್ ಮನೆಮಗಳು (ತುಮಕೂರು, ಜುಲೈ 2021)

ಎಲ್ಲರಿಗೂ ನಮಸ್ಕಾರ. ನಾನೀಗ ತುಮಕೂರಿನಲ್ಲಿ ತವರುಮನೆಯಲ್ಲಿದ್ದೇನೆ. ನಮ್ಮ ಮನೆಯವರು ಲೆಸ್ಟರ್‌ನಲ್ಲಿದ್ದಾರೆ. ಏಪ್ರಿಲ್ ಮೊದಲ ವಾರ ಮಗಳನ್ನು ಕರೆದುಕೊಂಡು ಬಂದೆ. ಯುಗಾದಿ ಮುಗಿಸಿಕೊಂಡು ಹೊರಡುವ ಯೋಚನೆ ಇತ್ತು. ಅಷ್ಟರಲ್ಲಿ ಏಪ್ರಿಲ್ 23ಕ್ಕೆ ಇಂಡಿಯಾವನ್ನು ಅಲ್ಲಿನ ಸರ್ಕಾರ ಕೆಂಪು ಪಟ್ಟಿಗೆ, ಅಂದರೆ ಕೋವಿಡ್ ಅಪಾಯ ಜಾಸ್ತಿ ಇರುವ ದೇಶಗಳ ಪಟ್ಟಿಗೆ ಹಾಕಿತು. ಮೇ ತಿಂಗಳಲ್ಲಿ ಅಪ್ಪನಿಗೆ ಕೋವಿಡ್ ಬಂತು. ಆಕ್ಸಿಜನ್ ಬೆಡ್‌ಗಾಗಿ ತಮ್ಮ ಊರೆಲ್ಲ ಅಲೆದ. ದೇವರ ದಯೆ, ಅಪ್ಪ ಈಗ ಮನೆಯಲ್ಲಿದ್ದಾರೆ. ಗೋಡೆ ಹಿಡಿದುಕೊಂಡು ಹಜಾರದಲ್ಲಿ ಓಡಾಡುವಷ್ಟು ಆಗಿದ್ದಾರೆ.

ನನ್ನ ಕೆಲಸದ ರಜೆ ಮುಗಿದಿದೆ. ಇನ್ನು ಮುಂದಕ್ಕೆ ಹಾಕಿದರೆ ಕೆಲಸವೇ ಇರುವುದಿಲ್ಲ. ಆಷಾಢ ಕಳೆಯಲಿ ಅಂತ ಅಮ್ಮ ಹೇಳುತ್ತಿದ್ದಾರೆ, ಆದರೆ ಆಗಲ್ಲ. ಈ ತಿಂಗಳ ಕೊನೆಗೆ ಟಿಕೆಟ್ ಆಗಿದೆ. ಅಲ್ಲಿ ಇಳಿದ ಕೂಡಲೇ 10 ದಿನ ಸರ್ಕಾರ ಹೇಳಿದ ಹೋಟೆಲ್‌ನಲ್ಲಿ ಇರಬೇಕು. ನನಗೆ 1,750 ಪೌಂಡ್, ಮಗಳಿಗೆ 325. ನಮ್ಮ ದುಡ್ಡಿನಲ್ಲಿ 2 ಲಕ್ಷ ದಾಟುತ್ತದೆ. ಹೇಗೋ ಹೊಂದಿಸಿದ್ದೇವೆ.

ನನ್ನ ಚಿಂತೆ ದುಡ್ಡಿನದಲ್ಲ. ಮಗಳು ಇಲ್ಲಿ ಬೆಳಗ್ಗೆ ಎದ್ದರೆ ಹಿತ್ತಲು, ಬೀದಿ, ಪಕ್ಕದ ಮನೆ ಅಂತ ಆಡಿಕೊಂಡಿದ್ದವಳು. ಅವಳನ್ನು ಒಂದೇ ರೂಮಿನಲ್ಲಿ ಹೇಗೆ ಇಟ್ಟುಕೊಳ್ಳಲಿ? ನಾವು ಮೊಟ್ಟೆ ಕೂಡ ತಿನ್ನುವುದಿಲ್ಲ. ಊಟ ಏನು ಕೊಡುತ್ತಾರೆ? ಇಲ್ಲಿಂದ ಏನು ಒಯ್ಯಬಹುದು? ಟ್ರಾವೆಲ್ ಏಜೆಂಟ್ ಒಬ್ಬರು, ಬೇರೆ ಯಾವುದಾದರೂ ದೇಶದಲ್ಲಿ 10 ದಿನ ಇದ್ದು ಹೋಗಿ, ಆಗ ಹೋಟೆಲ್ ಬೇಕಿಲ್ಲ ಅನ್ನುತ್ತಿದ್ದಾರೆ. ಅದು ಸರಿಯಾ? ಮಗುವಿನ ಜೊತೆ ಇದ್ದು ಬಂದವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ.

ಗುಬ್ಬಿಯ ನರ್ಸ್

ನಾನೂ ಇಂಗ್ಲೆಂಡ್‌ನಲ್ಲೇ ಇರುವವಳು. ಮೇ ತಿಂಗಳಲ್ಲಿ ಇಂಥ ಹೋಟೆಲ್‌ನಲ್ಲಿ ಇದ್ದು ಬಂದೆ, 7 ವರ್ಷದ ಮಗನ ಜೊತೆ. ಗುಬ್ಬಿಯಲ್ಲಿ ನಮ್ಮ ಅಮ್ಮನ ಕಾರ್ಯ ಮುಗಿಸಿಕೊಂಡು ಹೊರಟಿದ್ದೆ. ಅಮ್ಮನನ್ನೂ ಇದೇ ಕಾಯಿಲೆ ಕರೆದುಕೊಂಡು ಹೋಯಿತು. ನಿಮ್ಮ ಅಪ್ಪ ಓಡಾಡುತ್ತಿದ್ದಾರೆ ಅಂತ ಓದಿ ನಿಜವಾಗಿ ಖುಷಿಯಾಯಿತು.

ಮೊದಲು ಏಜೆಂಟ್ ಮಾತು. ಹಿಂದಿನ 10 ದಿನದಲ್ಲಿ ಕೆಂಪು ಪಟ್ಟಿಯ ದೇಶದಲ್ಲಿ ಇರದಿದ್ದರೆ ಈ ಹೋಟೆಲ್ ಬೇಕಿಲ್ಲ, ಅದು ನಿಜ. ಆದರೆ ಆ ದೇಶದಲ್ಲಿ ರೂಮಿನ ಬಾಡಿಗೆ ನೀವೇ ಕೊಡಬೇಕು. ನೀವು ಅಲ್ಲಿರುವಾಗಲೇ ಅದೂ ಕೆಂಪು ಪಟ್ಟಿಗೆ ಸೇರಿದರೆ ಎರಡೂ ಖರ್ಚು ತಲೆ ಮೇಲೆ. ಚಿಕ್ಕ ಮಗುವನ್ನು ಕಟ್ಟಿಕೊಂಡು ಆ ಸಾಹಸ ಬೇಡ. ಇನ್ನೂ ಕೆಲವರು ಎಲ್ಲಿಂದ ಬಂದೆ ಅಂತ ಸುಳ್ಳು ಬರೆಯಿರಿ ಅನ್ನುತ್ತಾರೆ. ಅಂಥವರ ಮಾತು ಕಿವಿಗೇ ಹಾಕಿಕೊಳ್ಳಬೇಡಿ. ಹೊರಡುವ ಮೊದಲು ಪ್ರಯಾಣದ ವಿವರ ತುಂಬುವ ಪ್ಯಾಸೆಂಜರ್ ಲೊಕೇಟರ್ ಫಾರಂನಲ್ಲಿ ಸುಳ್ಳು ಹೇಳಿದರೆ 10 ವರ್ಷದವರೆಗೆ ಜೈಲು ಅಂತ ಕಾನೂನಿದೆ.

ದಿನದ ಲೆಕ್ಕ ಸರಿಯಾಗಿ ತಿಳಿದುಕೊಳ್ಳಿ. ಇಳಿದ ದಿನ ಲೆಕ್ಕಕ್ಕಿಲ್ಲ, ಮಾರನೇ ದಿನದಿಂದ 10. ಅಂದರೆ 11 ರಾತ್ರಿ. ಮಗಳಿಗೆ ಇದನ್ನು ಮೊದಲೇ ಹೇಳಿ. ಹತ್ತು ಅಂತ ಹೇಳಿ ಕೊನೆಗೆ ಇನ್ನೊಂದು ರಾತ್ರಿ ಇದೆ ಅಂದರೆ ಮಕ್ಕಳಿಗೆ ತಡೆಯಲ್ಲ. ಎರಡನೇ ದಿನದೊಳಗೆ ಒಂದು ಟೆಸ್ಟ್, ಎಂಟನೇ ದಿನ ಇನ್ನೊಂದು. ನಿಮ್ಮ ಮಗಳಿಗೆ 5 ವರ್ಷ ದಾಟಿರುವುದರಿಂದ ಅವಳಿಗೂ ಮಾಡಬೇಕು. ಹೋಗುವ ಮೊದಲು ಮೂಗಿನ ಕಡ್ಡಿಯ ಅಭ್ಯಾಸ ಮಾಡಿಸಿ. ನಾನು ಹತ್ತಿ ಸುತ್ತಿದ ಕಿವಿಕಡ್ಡಿ ಹಿಡಿದು, ಮೂಗಿನ ತುದಿಗೆ ಮಾತ್ರ ಮುಟ್ಟಿಸಿ, ಆಟದ ಥರ ಮಾಡಿಸಿದ್ದೆ. ಆಮೇಲೆ ಅವನು ಅಳಲಿಲ್ಲ.

ಊಟದ ವಿಷಯ. ಮೂರು ಹೊತ್ತೂ ಬಾಗಿಲ ಹೊರಗೆ ಚೀಲದಲ್ಲಿ ಇಟ್ಟು, ಬಾಗಿಲು ತಟ್ಟಿ ಹೋಗುತ್ತಾರೆ. ಮಾಸ್ಕ್ ಹಾಕಿಕೊಂಡೇ ಬಾಗಿಲು ತೆಗೆಯಬೇಕು. ವೆಜ್ ಅಂತ ಒಂದು ಮಾತು ಹೇಳಿದರೆ ಸಾಲದು. ಮಾಂಸ ಬೇಡ, ಮೀನು ಬೇಡ, ಮೊಟ್ಟೆ ಬೇಡ, ಹಾಲು ಮೊಸರು ಬೇಕು ಅಂತ ಬಿಡಿಸಿ ಹೇಳಿ. ಇಲ್ಲದಿದ್ದರೆ ಆಮ್ಲೆಟ್ ಬರುತ್ತದೆ, ಇಲ್ಲವೇ ಹಾಲೂ ಇಲ್ಲದ ಬರೀ ಸೊಪ್ಪುಸದೆ ಬರುತ್ತದೆ. ನಮಗೆ ಬಂದ ಊಟ ಕೆಟ್ಟದ್ದೇನಲ್ಲ. ಆದರೆ ಖಾರ ಇಲ್ಲ, ಬಿಸಿ ಇಲ್ಲ, ಬ್ರೆಡ್ಡು ಪಾಸ್ತಾ ಜಾಸ್ತಿ. ನಾಲ್ಕನೇ ಹೊತ್ತಿಗೇ ಮಗ ತಟ್ಟೆ ದೂಡಿದ.

ನಮ್ಮನ್ನು ಉಳಿಸಿದ್ದು ಗೊಜ್ಜವಲಕ್ಕಿ. ತರಿ ಮಾಡಿದ ಅವಲಕ್ಕಿಗೆ ಹುಣಸೆ ಗೊಜ್ಜಿನ ಪುಡಿ, ಬೆಲ್ಲ, ಒಣಕೊಬ್ಬರಿ ಬೆರೆಸಿ ಚಿಕ್ಕಮ್ಮ ಡಬ್ಬಿ ತುಂಬಿಸಿ ಕಳಿಸಿದ್ದರು. ರೂಮಿನಲ್ಲಿ ನೀರು ಕಾಯಿಸುವ ಕೆಟಲ್ ಇರುತ್ತದೆ. ಒಂದು ಬಟ್ಟಲಿಗೆ ಎರಡು ಹಿಡಿ ಹಾಕಿ, ಬಿಸಿನೀರು ಚಿಮುಕಿಸಿ, ಹತ್ತು ನಿಮಿಷ ಮುಚ್ಚಿಟ್ಟರೆ ಆಯಿತು. ರಾಗಿ ಹುರಿಹಿಟ್ಟೂ ಹಾಗೆಯೇ. ಬೆಲ್ಲದ ಪುಡಿ, ಬಿಸಿನೀರು, ಅವರು ಕೊಡುವ ಹಾಲು ಸಾಕು. ಶೇಂಗಾ ಚಟ್ನಿಪುಡಿ, ನಿಪ್ಪಟ್ಟು, ಉಪ್ಪಿನಕಾಯಿ ಇಟ್ಟುಕೊಳ್ಳಿ. ಉಪ್ಪಿನಕಾಯಿ ಡಬ್ಬಿಗೆ ಎರಡು ಕವರ್ ಹಾಕಿ ದೊಡ್ಡ ಸೂಟ್‌ಕೇಸ್‌ನಲ್ಲಿಡಿ. ಅಮ್ಮ ತುಪ್ಪ, ಪೇಡ ಕೊಟ್ಟರೆ ಬೇಡ ಅನ್ನಿ. ಇಂಡಿಯಾದಿಂದ ಹಾಲಿನ ಪದಾರ್ಥ, ಮಾಂಸ ಅಲ್ಲಿಗೆ ಒಯ್ಯುವಂತಿಲ್ಲ, ಕಂಡರೆ ತೆಗೆದು ಬಿಸಾಡುತ್ತಾರೆ. ಕರೆಂಟ್ ಒಲೆ, ಊದುಬತ್ತಿ ಎರಡೂ ಬೇಡ. ಹೊಗೆಗೆ ಅಲಾರಂ ಹೊಡೆದರೆ ಇಡೀ ಹೋಟೆಲ್ ಕೆಳಗಿಳಿಯಬೇಕು. ಸ್ಟೀಲ್ ತಟ್ಟೆ, ಲೋಟ, ಚಮಚ ಒಯ್ಯಿರಿ. ದಿನವೂ ರಟ್ಟಿನ ಡಬ್ಬಿಯಲ್ಲಿ ತಿಂದರೆ ಹೊಟ್ಟೆ ತುಂಬಿದ ಹಾಗೇ ಆಗುವುದಿಲ್ಲ.

ಈಗ ಮುಖ್ಯವಾದ ಮಾತು. ನಮ್ಮ ಕಡೆಯವರಿಗೆ ಕೇಳಲು ಸಂಕೋಚ ಜಾಸ್ತಿ. ಸುಮ್ನೆ ಯಾಕೆ ತೊಂದರೆ ಕೊಡೋದು, ಇರುವುದರಲ್ಲಿ ಹೊಂದಿಕೊಳ್ಳೋಣ ಅನ್ನುತ್ತೇವೆ. ಅಲ್ಲಿ ಹಾಗೆ ಇರಬೇಡಿ. ಹೊರಗೆ ನಡೆಯಲು ಬಿಡುತ್ತಾರೆ ಅನ್ನುವುದನ್ನೇ ನಮ್ಮ ಹೋಟೆಲ್‌ನಲ್ಲಿ ಯಾರೂ ಹೇಳಲಿಲ್ಲ. ಪಕ್ಕದ ರೂಮಿನ ಪಂಜಾಬಿ ಅಜ್ಜಿ ಬಾಗಿಲಿನಿಂದಲೇ ಕೂಗಿ ಹೇಳಿದರು. ಆಮೇಲೆ ನಾನು ದಿನಾ ಬೆಳಗ್ಗೆ ರಿಸೆಪ್ಷನ್‌ಗೆ ಫೋನ್ ಮಾಡಿ ಸಮಯ ಕೇಳುತ್ತಿದ್ದೆ. ಸೆಕ್ಯುರಿಟಿಯವರು ಬಂದು ಕಾರ್ ಪಾರ್ಕಿಂಗ್‌ಗೆ ಕರೆದುಕೊಂಡು ಹೋಗುತ್ತಿದ್ದರು. ಬರೀ ಡಾಂಬರು, ಸುತ್ತ ಬೇಲಿ. ಆದರೂ ಮಗ ಅಲ್ಲಿ ಓಡಿದ ಓಟ ನೋಡಬೇಕಿತ್ತು. ಜಾಗ, ಜನ ನೋಡಿಕೊಂಡು ಬಿಡುತ್ತಾರೆ, ಖಾತ್ರಿ ಅಂತ ಇಲ್ಲ. ಕೇಳದವರಿಗಂತೂ ಸಿಗುವುದೇ ಇಲ್ಲ.

ಹಾಗೇ, ಮೊದಲ ದಿನವೇ ತೆರೆಯುವ ಕಿಟಕಿ ಇರುವ ರೂಮು ಇದೆಯಾ ಕೇಳಿ. ಏರ್‌ಪೋರ್ಟ್ ಹತ್ತಿರದ ಹೋಟೆಲ್‌ಗಳಲ್ಲಿ ಕಿಟಕಿ ತೆರೆಯದ ರೂಮುಗಳೂ ಇವೆ. ಎರಡು ಮಂಚ, ಫ್ರಿಜ್, ಜಾಸ್ತಿ ಟವೆಲ್, ಇನ್ನೊಂದು ಕುರ್ಚಿ, ಎಲ್ಲ ಕೇಳಿ. ಗುಡಿಸಲು ಯಾರೂ ಒಳಗೆ ಬರುವುದಿಲ್ಲ. ಕಸದ ಚೀಲ ನಾವೇ ಕಟ್ಟಿ ಹೊರಗಿಡಬೇಕು, ಹಾಸಿಗೆ ಹೊದಿಕೆ ನಾವೇ ಬದಲಿಸಬೇಕು. ಒಂದು ತೆಳು ಹಗ್ಗ, ಬಟ್ಟೆ ಸೋಪು, ಒರೆಸುವ ಬಟ್ಟೆ ಇರಲಿ.

ನಿದ್ದೆ ಮೊದಲ ಮೂರ್ನಾಲ್ಕು ದಿನ ಕಾಡುತ್ತದೆ. ಈಗ ನಾಲ್ಕೂವರೆ ಗಂಟೆ ವ್ಯತ್ಯಾಸ. ಮಗು ರಾತ್ರಿ 3ಕ್ಕೆ ಎದ್ದು ಕೂರುತ್ತದೆ. ಸಂಜೆ 5ಕ್ಕೇ ಕಣ್ಣೆಳೆಯುತ್ತದೆ, ಹೊರಗೆ ನೋಡಿದರೆ 9ರವರೆಗೂ ಬೆಳಕು. ಬೈದು ಮಲಗಿಸಲು ಹೋಗಬೇಡಿ. ಅಲ್ಲಿ 3 ಗಂಟೆ ಅಂದರೆ ತುಮಕೂರಿನಲ್ಲಿ ಏಳೂವರೆ, ಅಜ್ಜಿ ಕಾಫಿ ಕುಡಿಯುವ ಹೊತ್ತು. ಆಗಲೇ ವಿಡಿಯೋ ಕಾಲ್ ಇಟ್ಟುಕೊಳ್ಳಿ. ನಾವು ಫೋನನ್ನು ಲೋಟಕ್ಕೆ ಒರಗಿಸಿ ಇಟ್ಟುಬಿಡುತ್ತಿದ್ದೆವು. ಗುಬ್ಬಿಯಲ್ಲಿ ಚಿಕ್ಕಮ್ಮ ಸೊಪ್ಪು ಬಿಡಿಸುತ್ತಾ, ಹಾಲಿನವನನ್ನು ಮಾತಾಡಿಸುತ್ತಾ ಇರುತ್ತಿದ್ದರು, ಮಗ ಇಲ್ಲಿ ಚಿತ್ರ ಬರೆಯುತ್ತಿದ್ದ. ಹಗಲು ಮಾತ್ರ ಹಾಸಿಗೆಗೆ ಬಿಡಬೇಡಿ. ಪರದೆ ತೆಗೆದು, ಸ್ನಾನ ಮಾಡಿಸಿ, ಹೊರಗೆ ಹೋಗುವ ಬಟ್ಟೆಯನ್ನೇ ಹಾಕಿಸಿ.

ಇನ್ನೊಂದು ಮಾತು ನಿಮಗೆ, ಮಗುವಿಗಲ್ಲ. ಮೇ ತಿಂಗಳಿಂದ ಅಪ್ಪನ ಕಡೆ ಓಡಾಡಿದ್ದೀರಿ. ರೂಮಿನ ಬಾಗಿಲು ಮುಚ್ಚಿದ ಮೇಲೆ ಅದೆಲ್ಲ ಒಟ್ಟಿಗೆ ಮೇಲೆ ಬರುತ್ತದೆ. ಅಮ್ಮ ಹೋದಾಗ ಬಾರದ ಅಳು ನನಗೆ ಅಲ್ಲಿ ಬಂತು. ಬಂದರೆ ಬರಲಿ. ತೀರಾ ಕಷ್ಟ ಅನ್ನಿಸಿದರೆ ಅಲ್ಲಿನ ಸರ್ಕಾರಿ ಆರೋಗ್ಯ ಸಹಾಯವಾಣಿ 111ಕ್ಕೆ ಫೋನ್ ಮಾಡಿ. ಅದಕ್ಕೂ ಸಂಕೋಚ ಬೇಡ.

ಮುಳಬಾಗಿಲು ಮೆಕ್ಯಾನಿಕ್

ನಾನು 2020ರ ಜೂನ್‌ನಲ್ಲಿ ದುಬೈನಿಂದ ವಂದೇ ಭಾರತ್ ವಿಮಾನದಲ್ಲಿ, ಅಂದರೆ ಕೋವಿಡ್‌ನಿಂದ ಹೊರದೇಶದಲ್ಲಿ ಸಿಕ್ಕಿಕೊಂಡವರನ್ನು ಕರೆತರಲು ನಮ್ಮ ಸರ್ಕಾರ ಬಿಟ್ಟ ವಿಮಾನದಲ್ಲಿ ಬಂದವನು. ಆಗಿನ ನಿಯಮ 7 ದಿನ ನಮ್ಮ ಖರ್ಚಿನಲ್ಲಿ ಹೋಟೆಲ್, ಆಮೇಲೆ 7 ದಿನ ಮನೆ. ಬೆಂಗಳೂರಿನ ಹೋಟೆಲ್‌ನಲ್ಲಿ ಒಬ್ಬನೇ ಇದ್ದೆ. ಮಗು ಇರಲಿಲ್ಲ, ಹಾಗಾಗಿ ನಿಮ್ಮ ಕಷ್ಟ ಬೇರೆ.

ಅಕ್ಕ ಹೇಳಿದ್ದು ಪೂರ್ತಿ ನಿಜ. ನಾನು ಒಂದು ಸೇರಿಸುತ್ತೇನೆ. ಊರಿನಿಂದ ಬರುವ ಫೋನಿಗೆ ಹೊತ್ತು ಗೊತ್ತು ಮಾಡಿ. ನನಗೆ ಮಾವ, ದೊಡ್ಡಪ್ಪ, ಫ್ರೆಂಡ್ಸ್ ಎಲ್ಲರೂ ಫೋನ್ ಮಾಡಿ ಜ್ವರ ಬಂತಾ, ಕೆಮ್ಮು ಬಂತಾ ಅಂತ ಕೇಳುತ್ತಿದ್ದರು. ಪ್ರೀತಿಯಿಂದಲೇ ಕೇಳುತ್ತಿದ್ದರು. ಆದರೆ ಹತ್ತು ಜನ ಕೇಳಿದ ಮೇಲೆ ಇಲ್ಲದ ಕೆಮ್ಮೂ ಬಂದಂತೆ ಅನ್ನಿಸುತ್ತದೆ. ಕೊನೆಗೆ ತಂಗಿಗೆ ಒಬ್ಬಳಿಗೇ ಬೆಳಗ್ಗೆ ಸುದ್ದಿ ಹೇಳುತ್ತಿದ್ದೆ, ಉಳಿದವರಿಗೆ ಅವಳೇ ಹೇಳುತ್ತಿದ್ದಳು. ನಿಮ್ಮ ತಮ್ಮನಿಗೆ ಈ ಕೆಲಸ ಒಪ್ಪಿಸಿ.

ಪಾಸ್‌ಪೋರ್ಟ್‌ನಲ್ಲಿ ಇರುವ ಹೆಸರೇ ಕೋವಿಡ್ ಟೆಸ್ಟಿನ ಆರ್‌ಟಿಪಿಸಿಆರ್ ರಿಪೋರ್ಟ್‌ನಲ್ಲಿ ಇರಬೇಕು. ನಮ್ಮ ಕಡೆ ಲ್ಯಾಬಿನವರು ಇನಿಷಿಯಲ್ ಹಾಕಿ ಹೆಸರು ಚಿಕ್ಕದು ಮಾಡಿಬಿಡುತ್ತಾರೆ. ಸ್ಯಾಂಪಲ್ ಕೊಡುವಾಗಲೇ ಪಾಸ್‌ಪೋರ್ಟ್ ತೋರಿಸಿ ಬರೆಸಿ.

ಬಟವಾಡಿ ಮೇಷ್ಟ್ರು

ಮಗಳೇ, ಮಗುವಿಗೆ ಮೊಬೈಲ್ ಒಂದನ್ನೇ ನಂಬಬೇಡಮ್ಮ. ಚೌಕಾಬಾರ ಕಲಿಸು. ರಟ್ಟಿನ ಮೇಲೆ ಐದು ಸಾಲು, ಐದು ಮನೆ ಗೆರೆ ಎಳೆದರೆ ಮಣೆ ಸಿದ್ಧ. ಕವಡೆ ಇಲ್ಲದಿದ್ದರೆ ನಾಲ್ಕು ದೊಡ್ಡ ಗುಂಡಿ ತಗೊಂಡು ಒಂದೊಂದು ಬದಿಗೆ ಬಣ್ಣ ಹಚ್ಚು. ಇಬ್ಬರೇ ಇದ್ದರೂ ಆಟ ನಡೆಯುತ್ತದೆ, ಕೂಡುವ ಲೆಕ್ಕವೂ ಬರುತ್ತದೆ. ದಿನಕ್ಕೊಂದು ಕಾಗದ ತಾತನಿಗೆ ಬರೆಸು, ಕನ್ನಡದಲ್ಲಿ. ಎರಡೇ ಸಾಲು ಆದರೂ ಸರಿ. ಫೋಟೋ ತೆಗೆದು ಕಳಿಸಿದರೆ ನಿಮ್ಮ ಅಪ್ಪನಿಗೂ ದಿನಾ ಕಾಯಲು ಒಂದು ಇರುತ್ತದೆ. ಮನೆಯಲ್ಲೇ ಕೂತಿರುವ ನನ್ನಂಥ ವಯಸ್ಸಿನವರಿಗೆ ಅದರ ಬೆಲೆ ಗೊತ್ತು.

ಶಿರಾಗೇಟ್ ಮನೆಮಗಳು

ಎಲ್ಲರಿಗೂ ತುಂಬಾ ತುಂಬಾ ಧನ್ಯವಾದ. ಅಕ್ಕಾ, ನಿಮ್ಮ ಅಮ್ಮನ ವಿಷಯ ಓದಿ ಸಂಕಟವಾಯಿತು. ಅಷ್ಟು ನೋವಿನಲ್ಲೂ ಇಷ್ಟು ಬರೆದಿರಿ.

ಏಜೆಂಟ್‌ಗೆ ಬೇಡ ಅಂತ ಹೇಳಿಬಿಟ್ಟೆ. ಅಮ್ಮ ಗೊಜ್ಜವಲಕ್ಕಿಗೆ ಹುಣಸೆ ನೆನೆ ಹಾಕಿದ್ದಾರೆ. ಮೇಷ್ಟ್ರೇ, ಅಪ್ಪ ನಿಮ್ಮ ಮಾತು ಕೇಳಿ, ಕಾಗದ ಬರೆಯಲು ತಾವೇ ಮೊಮ್ಮಗಳಿಗೆ ಎರಡು ಗೆರೆಯ ನೋಟ್‌ಬುಕ್ ತರಿಸಿದರು. ಇನ್ನೆರಡು ಕೇಳುತ್ತೇನೆ. ಇಳಿದ ದಿನ ಎಷ್ಟು ಹೊತ್ತಾಗುತ್ತದೆ? ನಮ್ಮ ಮನೆಯವರು ಬಂದು ಮಗಳನ್ನು ನೋಡಬಹುದಾ?

ಗುಬ್ಬಿಯ ನರ್ಸ್

ಒಳಗೆ ಬಂದು ನೋಡುವಂತಿಲ್ಲ. ಸಾಮಾನು ತಂದು ರಿಸೆಪ್ಷನ್‌ನಲ್ಲಿ ಕೊಡಬಹುದು, ಅವರು ಬಾಗಿಲಿಗೆ ತಂದಿಡುತ್ತಾರೆ. ಮಗಳ ಇಷ್ಟದ ಗೊಂಬೆ, ಕಥೆ ಪುಸ್ತಕ, ಹಣ್ಣು ಎರಡನೇ ದಿನವೇ ತರಲು ಹೇಳಿ. ನಿಮ್ಮ ಕಿಟಕಿ ರಸ್ತೆ ಕಡೆ ಇದ್ದರೆ ಅವರು ಕೆಳಗೆ ನಿಂತು ಕೈ ಬೀಸಬಹುದು. ರೂಮು ಕೇಳುವಾಗ ಇದನ್ನೂ ಸೇರಿಸಿ ಕೇಳಿ.

ಇಳಿದ ದಿನ ಗಂಟೆಗಟ್ಟಲೆ ಕ್ಯೂ. ಇಮಿಗ್ರೇಷನ್, ಆಮೇಲೆ ಬಸ್ಸು, ಆಮೇಲೆ ಹೋಟೆಲ್ ಬಾಗಿಲಲ್ಲಿ ಮತ್ತೆ ಕ್ಯೂ. ಪ್ಯಾಸೆಂಜರ್ ಲೊಕೇಟರ್ ಫಾರಂ ತುಂಬಲು ಹೋಟೆಲ್ ಬುಕಿಂಗ್ ಬಿಲ್ಲಿನ ನಂಬರ್ ಬೇಕು. ಅದನ್ನು, ಟೆಸ್ಟ್ ರಿಪೋರ್ಟನ್ನು ಪ್ರಿಂಟ್ ತೆಗೆದು ಇಟ್ಟುಕೊಳ್ಳಿ, ಮೊಬೈಲ್ ಚಾರ್ಜ್ ನಂಬಬೇಡಿ. ಮಗಳ ಒಂದು ಜೊತೆ ಬಟ್ಟೆ, ಸ್ವೆಟರ್, ನಿಪ್ಪಟ್ಟು, ಖಾಲಿ ನೀರಿನ ಬಾಟಲಿ ಕೈಚೀಲದಲ್ಲೇ ಇರಲಿ. ಸೆಕ್ಯುರಿಟಿ ದಾಟಿದ ಮೇಲೆ ನೀರು ತುಂಬಿಸಿಕೊಳ್ಳಿ.

ಯಾವ ಹೋಟೆಲ್ ಅಂತ ಗೊತ್ತಾದ ಮೇಲೆ ನನಗೆ ಬೇರೆಯಾಗಿ ಮೆಸೇಜ್ ಮಾಡಿ, ಇಲ್ಲಿ ಎಲ್ಲರ ಮುಂದೆ ಹಾಕಬೇಡಿ. ಮನೆ ಊಟ ಒಳಗೆ ಬಿಡುತ್ತಾರಾ ಅಂತ ರಿಸೆಪ್ಷನ್‌ನಲ್ಲಿ ಕೇಳಿ ತಿಳಿಸಿ. ಬಿಡುವುದಾದರೆ, ನನಗೆ ಡ್ಯೂಟಿ ಇಲ್ಲದ ದಿನ ಹೆಸರುಕಾಳಿನ ಉಪ್ಸಾರು, ಅನ್ನ ಮಾಡಿ ತಂದುಕೊಡುತ್ತೇನೆ. ಮಗಳಿಗೆ ಖಾರ ಎಷ್ಟು ಆಗುತ್ತದೆ ಹೇಳಿ.