ಹಾಲ್ ಎಫೆಕ್ಟ್ ಸ್ಟಿಕ್: ಇದನ್ನು ಹೊಸತನ ಅನ್ನಬಹುದಾ?

ಪ್ರಶ್ನೆ: ಈಗಿನ ಗೇಮ್ ಕಂಟ್ರೋಲರ್ ಡಬ್ಬಿಗಳ ಮೇಲೆ ‘ಹಾಲ್ ಎಫೆಕ್ಟ್’ ಅಂತ ದೊಡ್ಡದಾಗಿ ಬರೆದಿರುತ್ತಾರೆ. ಇದು ಹೊಸ ವಿನ್ಯಾಸವೋ, ಹಳೇ ದೋಷಕ್ಕೆ ತೇಪೆಯೋ? ಸ್ಟಿಕ್ ಡ್ರಿಫ್ಟ್, ಅಂದರೆ ಕೈ ಬಿಟ್ಟರೂ ಸ್ಟಿಕ್ ತಳ್ಳಿದಂತೆ ಆಟ ತಿಳಿಯುವುದು, ಪೂರ್ತಿ ನಿಲ್ಲುತ್ತಾ?

ಉತ್ತರ 1: ಹೊಸದಂತೂ ಅಲ್ಲ, 1998ರ ಸೆಗಾ ಡ್ರೀಮ್‌ಕಾಸ್ಟ್ ಗೇಮ್ ಕನ್ಸೋಲ್‌ನ ಕಂಟ್ರೋಲರ್‌ನಲ್ಲೇ ಇತ್ತು. ಸಾಮಾನ್ಯ ಸ್ಟಿಕ್‌ನಲ್ಲಿ ಎರಡು ಪೊಟೆನ್ಶಿಯೋಮೀಟರ್ (ಸ್ಟಿಕ್ ಎಷ್ಟು ವಾಲಿದೆ ಅಂತ ಅಳೆಯುವ ಬಿಡಿಭಾಗ) ಇರುತ್ತವೆ, ಎಡ-ಬಲಕ್ಕೊಂದು, ಮೇಲೆ-ಕೆಳಗೊಂದು. ಒಳಗೆ ಇಂಗಾಲದ ಪಟ್ಟಿಯ ಮೇಲೆ ಲೋಹದ ಎಸಳು ಉಜ್ಜುತ್ತಲೇ ಇರುತ್ತೆ. ಪಟ್ಟಿ ಸವೆದು ಪುಡಿ ಕೂತರೆ ಕೈ ಬಿಟ್ಟಾಗಲೂ ಸೊನ್ನೆ ಬರಲ್ಲ, ಪಾತ್ರ ತಾನೇ ನಡೆಯುತ್ತೆ. ಹಾಲ್‌ನಲ್ಲಿ ಅಯಸ್ಕಾಂತ ತಿರುಗುತ್ತೆ, ಸೆನ್ಸರ್ ಮುಟ್ಟದೆಯೇ ಅಳೆಯುತ್ತೆ. ಆದರೆ ಸ್ಪ್ರಿಂಗ್ ಸಡಿಲವಾದರೆ ಇದೂ ನಡುವಿಗೆ ಸರಿಯಾಗಿ ಮರಳಲ್ಲ.

ಉತ್ತರ 2: ಬಾಳಿಕೆ ಹೆಚ್ಚಿದರೆ ಅದು ಒಳ್ಳೆ ಎಂಜಿನಿಯರಿಂಗ್, ಅಷ್ಟೇ. ಆಡುವ ರೀತಿ ಬದಲಾದರೆ ಮಾತ್ರ ನಾನು ಹೊಸತನ ಅನ್ನೋದು. 1982ರ ಅಟಾರಿ 5200 ಕನ್ಸೋಲ್‌ನಲ್ಲೂ ಅನಲಾಗ್ ಸ್ಟಿಕ್ (ಎಷ್ಟು ತಳ್ಳಿದಿರಿ ಅನ್ನೋದನ್ನೂ ಅಳೆಯುವಂಥದ್ದು) ಇತ್ತು, ಆದರೆ ಕೈ ಬಿಟ್ಟರೆ ನಡುವಿಗೆ ಬರುತ್ತಿರಲಿಲ್ಲ. 1996ರ ಸೂಪರ್ ಮಾರಿಯೋ 64ರಲ್ಲಿ ಸ್ವಲ್ಪ ತಳ್ಳಿದರೆ ಮೆಲ್ಲನೆ ನಡಿಗೆ, ಪೂರ್ತಿ ತಳ್ಳಿದರೆ ಓಟ. ಅಲ್ಲಿ ಸ್ಟಿಕ್‌ಗೆ ನಿಜವಾದ ಕೆಲಸ ಸಿಕ್ಕಿತು.

ಉತ್ತರ 3: ಡೆಡ್‌ಝೋನ್ ಬಗ್ಗೆ, ಅಂದರೆ ನಡುವಿನ ಸಣ್ಣ ಅಲುಗಾಟವನ್ನು ಆಟ ಲೆಕ್ಕಿಸದೆ ಬಿಡುವ ಜಾಗದ ಬಗ್ಗೆ, ಯಾರೂ ಹೇಳಲೇ ಇಲ್ಲವಲ್ಲ! ಎಕ್ಸ್ (ಎಡ-ಬಲ), ವೈ (ಮೇಲೆ-ಕೆಳಗೆ) ಎರಡಕ್ಕೂ ಬೇರೆಬೇರೆ ಡೆಡ್‌ಝೋನ್ ಇಟ್ಟರೆ ಸಣ್ಣ ಓರೆ ಚಲನೆ ನೇರ ಗೆರೆಗೆ ಅಂಟಿಕೊಳ್ಳುತ್ತೆ; ಗುರಿ ಇಡುವ ಆಟದಲ್ಲಿ ಇದು ಪ್ರಾಣಸಂಕಟ. ಎರಡನ್ನೂ ಸೇರಿಸಿ ಕೇಂದ್ರದಿಂದ ದೂರ ಲೆಕ್ಕ ಹಾಕಿ. ಪೂರ್ತಿ ತಳ್ಳಿದರೆ 1, ಡೆಡ್‌ಝೋನ್ ಮಿತಿ 0.15 ಅಂದುಕೊಳ್ಳಿ: ಅದರೊಳಗೆ ಸೊನ್ನೆ, ದಾಟಿದರೆ 0.15 ಕಳೆದು 0.85ರಿಂದ ಭಾಗಿಸಿ, ದಿಕ್ಕು ಹಾಗೇ ಇರಲಿ. ಕಳೆಯದೆ, ಭಾಗಿಸದೆ ಹಾಗೇ ಬಿಟ್ಟರೆ ಮಿತಿ ದಾಟಿದ ಕೂಡಲೇ ವೇಗ ಸೊನ್ನೆಯಿಂದ 0.15ಕ್ಕೆ ಜಿಗಿಯುತ್ತೆ, ಮೆಲ್ಲನೆ ನಡೆಸೋಕೆ ಆಗೋದೇ ಇಲ್ಲ.