ಮೂರು ತಿಂಗಳ ಬಿಯರ್ಡೆಡ್ ಡ್ರ್ಯಾಗನ್ ಹುಳು ಮುಟ್ಟುತ್ತಿಲ್ಲ, ಹಿಂಗಾಲು ನಡುಗುತ್ತಿದೆ: ಅನುಭವ ಇದ್ದವರು ಹೇಳಿ

ಸೇಡಂ ರೋಡ್ ಹುಡುಗ

ಎಲ್ಲರಿಗೂ ನಮಸ್ಕಾರ. ಕಲಬುರಗಿಯಿಂದ ಬರೆಯುತ್ತಿದ್ದೇನೆ. ನನ್ನ ಬಿಯರ್ಡಿಗೆ (ಬಿಯರ್ಡೆಡ್ ಡ್ರ್ಯಾಗನ್, ಮನೆಯಲ್ಲಿ ಸಾಕೋ ಒಂದು ಜಾತಿ ಓತಿಕ್ಯಾತ) ಮೂರು ತಿಂಗಳು, ತೂಕ 28 ಗ್ರಾಂ. ಮೊನ್ನೆವರೆಗೂ ಟ್ಯಾಂಕ್ ತುಂಬ ಓಡಾಡಿಕೊಂಡಿತ್ತು. ಎರಡು ದಿನದಿಂದ ಸೂಪರ್‌ವರ್ಮ್ (ಅಂಗಡಿಯಲ್ಲಿ ಸಿಗೋ ದಪ್ಪ ಹುಳು) ಎದುರಿಗೆ ಬಿಟ್ಟರೂ ನೋಡಲ್ಲ. ಗಡ್ಡ, ಅಂದರೆ ಗಂಟಲ ಕೆಳಗಿನ ಚರ್ಮ, ಕಪ್ಪಾಗಿದೆ. ಸುಮ್ನೆ ಕೂತಾಗಲೂ ಹಿಂಗಾಲಿನ ಬೆರಳು ನಡುಗುತ್ತವೆ. ಕಕ್ಕ ಮಾಡಿ ಆರು ದಿನ ಆಯಿತು. ಕೆಳಗೆ ಮರಳು ಹಾಕಿದ್ದೇನೆ. ಯುವಿಬಿ ಬಲ್ಬ್ (ಮೈಗೆ ಕ್ಯಾಲ್ಸಿಯಂ ಹತ್ತೋಕೆ ಬೇಕಾದ ಬಿಸಿಲಿನ ಕಿರಣ ಕೊಡೋದು) ಇದೆ, ಅಂಗಡಿಯವರೇ ಕೊಟ್ಟಿದ್ದು, ಸುರುಳಿ ಆಕಾರದ್ದು. ಇದು ಕ್ಯಾಲ್ಸಿಯಂದಾ, ಹೊಟ್ಟೆದಾ? ನಿಮಗೆ ಹೀಗೆ ಆಗಿದ್ದರೆ ಏನು ಮಾಡಿದಿರಿ?

ಫರ್ಸಿ ಮನೆ

ಸುರುಳಿ ಬಲ್ಬ್ ಅಂತ ಓದಿದ ಕೂಡಲೇ ಹೊಟ್ಟೆ ಉರಿಯಿತು ತಮ್ಮಾ. ನನಗೂ ಅದನ್ನೇ ಕಟ್ಟಿದ್ದರು, 650 ರೂಪಾಯಿಗೆ. ಡಬ್ಬಿ ಮೇಲೆ ಮರುಭೂಮಿ ಚಿತ್ರ, ಒಂಟೆ ಬೇರೆ. ಒಂಟೆ ಯಾಕೆ ಅಂತ ಆಗಲೇ ಕೇಳಬೇಕಿತ್ತು. ನಾಲ್ಕು ತಿಂಗಳು ಅದರ ಕೆಳಗೇ ಕೂರಿಸಿದೆ. ಸಾಲದ್ದಕ್ಕೆ ಮಧ್ಯ ಗಾಜಿನ ಮುಚ್ಚಳ. ಗಾಜಿನಿಂದ ಯುವಿಬಿ ಒಳಗೆ ಬರಲ್ಲ ಅನ್ನೋದು ಗೊತ್ತಾಗೋ ಹೊತ್ತಿಗೆ ಅದರ ದವಡೆ ರಬ್ಬರ್ ಆಗಿತ್ತು. ಕೆಳದವಡೆ ಊದಿತ್ತು, ನಾವು ನಗುತ್ತಿದೆ ಅಂದುಕೊಂಡು ಫೋಟೋ ತೆಗೆದು ಸ್ಟೇಟಸ್ ಹಾಕಿದ್ದೆವು. ಆ ಫೋಟೋ ಈಗಲೂ ಫೋನಲ್ಲಿದೆ, ನೋಡೋಕೆ ಆಗಲ್ಲ.

ಹೈದರಾಬಾದಿಗೆ ಓಡಿದೆವು. ಕಾರಿಗೆ 5,200, ಡಾಕ್ಟರಿಗೆ 900, ಎರಡು ಎಕ್ಸರೇ 1,400, ಕ್ಯಾಲ್ಸಿಯಂ ಔಷಧಿ 340, ವಾಪಸ್ ಬಂದು ಯುವಿಬಿ ಕೊಡೋ ಒಳ್ಳೆ ಟಿ5 ಟ್ಯೂಬು, ಪಟ್ಟಿ ಸೇರಿ 4,600. ಒಟ್ಟು 12,440. ಅರವತ್ತು ದಿನ ಸಿರಿಂಜಲ್ಲಿ ಔಷಧಿ ಹಾಕಿದ್ದೇನೆ, ಮನೆಯವರು ಟೂರಿಗೆ ಹೋದಾಗಲೂ ನಾನು ಹೋಗಲಿಲ್ಲ. ಎಕ್ಸರೇಲಿ ಎಲುಬು ಮಂಜಿನ ಹಾಗೆ ಕಾಣುತ್ತಿತ್ತು. ಬದುಕಿದೆ. ಬೆನ್ನು ಮಾತ್ರ ಸೊಟ್ಟ, ಅದು ಇನ್ನು ನೆಟ್ಟಗಾಗಲ್ಲ.

ಮರಳು ತೆಗೆದು ಶಹಾಬಾದ್ ಫರ್ಸಿ ಕಲ್ಲು ಹಾಕಿದೆ. ಮನೆ ಕಟ್ಟುವಾಗ ಉಳಿದ ತುಂಡು, ಖರ್ಚು ಸೊನ್ನೆ. ಉಗುರು ಸವೆಯುತ್ತೆ, ಬಿಸಿ ಹಿಡಿದಿಡುತ್ತೆ, ಒರೆಸೋಕೂ ಸುಲಭ. ನಿನ್ನದು ನೂರಕ್ಕೆ ನೂರು ಕ್ಯಾಲ್ಸಿಯಂ.

ತೊಗರಿ ಹೊಲ

ನೂರಕ್ಕೆ ನೂರು ಅಂತ ಹೇಗೆ ಹೇಳ್ತೀರಿ ಅಕ್ಕಾ? ನನ್ನದು ನಡುಗಿದಾಗಲೂ ಎಲ್ಲರೂ ಕ್ಯಾಲ್ಸಿಯಂ ಕ್ಯಾಲ್ಸಿಯಂ ಅಂದರು. ಪುಡಿ ತಂದು ಹಾಕಿದೆ. ರಾತ್ರಿ 9:40ಕ್ಕೆ ಹೋಯಿತು. 14,000 ಕೊಟ್ಟು ತಂದು ಐವತ್ತೆರಡನೇ ದಿನ.

ಆಗಿದ್ದು ಇಷ್ಟು. ಅಂಗಡಿ ಹುಳು ದುಬಾರಿ ಅಂತ ನಮ್ಮ ಹೊಲದ ಬದುವಿನಿಂದ ಮಿಡತೆ ಹಿಡಿದು ತಂದಿದ್ದೆ. ತೊಗರಿ ಹೂ ಬಿಟ್ಟಿತ್ತು. ಕಾಯಿಕೊರಕಕ್ಕೆ ನಾವು ವಿಷದೌಷಧಿ ಹೊಡೆದಿರಲಿಲ್ಲ, ಆದರೆ ಪಕ್ಕದ ಹೊಲದವರು ಮೂರು ದಿನ ಮುಂಚೆ ಹೊಡೆದಿದ್ದರಂತೆ. ಮಿಡತೆಗೆ ಬದು ಗೊತ್ತಾ? ಮಧ್ಯಾಹ್ನ ನಾಲ್ಕು ಮಿಡತೆ ತಿಂತು. ಸಂಜೆಗೆ ನಡುಕ, ಬಾಯಲ್ಲಿ ಜೊಲ್ಲು, ಆಮೇಲೆ ಮೈ ಸೆಟೆದುಕೊಂಡಿತು. ಎಲುಬಿನ ರೋಗ ವಾರಗಟ್ಟಲೆ ತಗೊಳ್ಳುತ್ತೆ. ಇದು ಆರು ಗಂಟೆಯಲ್ಲಿ ಮುಗಿಯಿತು. ಹಾಗಾಗಿ ಹುಡುಗ, ಮೊದಲು ಹುಳು ಎಲ್ಲಿಂದ ಬಂತು ಹೇಳು. ಮಳೆಗಾಲದಲ್ಲಿ ಮಿಂಚುಹುಳು ಒಳಗೆ ಬರುತ್ತೆ ನೋಡು, ಅದು ಒಂದೇ ಒಂದು ತಿಂದರೂ ಸಾಯುತ್ತವೆ ಇವು.

ಫರ್ಸಿ ಮನೆ

ಅವನು ಸೂಪರ್‌ವರ್ಮ್ ಅಂತ ಬರೆದಿದ್ದಾನೆ, ಮಿಡತೆ ಅಂದಿಲ್ಲ. ಹೊಲದ ಹುಳು ಹಾಕಬಾರದು ಅಂತ ಎಲ್ಲರಿಗೂ ಗೊತ್ತು. ನಿಮ್ಮ ತಪ್ಪನ್ನ ಅವನ ತಲೆಗೆ ಯಾಕೆ ಕಟ್ಟುತ್ತೀರಿ?

ತೊಗರಿ ಹೊಲ

ನಾಲ್ಕು ತಿಂಗಳು ಗಾಜಿನ ಕೆಳಗೆ ಕೂರಿಸಿದವರು ನನಗೆ ತಪ್ಪು ತೋರಿಸಬೇಡಿ.

ಬೀದರ್ ಚಳಿ

ಇಬ್ಬರೂ ಜರಾ ತಣ್ಣಗಾಗಿ. ಕಕ್ಕದ ಮಾತು ಯಾರೂ ಆಡಲಿಲ್ಲ. ನಮ್ಮ ಮನೆಯಲ್ಲಿ ಕಳೆದ ಡಿಸೆಂಬರಲ್ಲಿ ಮರಿ ತಿನ್ನೋದು ಬಿಟ್ಟಿತು. ಚಳಿಗೆ ಮಲಗುವ ಕಾಲ, ಬ್ರುಮೇಶನ್, ಸುಮ್ನೆ ಬಿಡಿ ಅಂದರು ಬಲ್ಲವರು. ಬಿಟ್ಟೆ. ಹನ್ನೊಂದು ದಿನ. ವರ್ಷ ತುಂಬದ ಮರಿ ಹಾಗೆ ಮಲಗಬಾರದು ಅಂತ ಹನ್ನೆರಡನೇ ದಿನ ಗೊತ್ತಾಯಿತು. 41 ಗ್ರಾಂ ಇದ್ದದ್ದು 33ಕ್ಕೆ ಇಳಿದಿತ್ತು. (ಆ ತಕ್ಕಡಿ ಅಡುಗೆಮನೆಯದು. ಅತ್ತಿಗೆ ನನ್ನ ಜೊತೆ ಎರಡು ವಾರ ಮಾತಾಡಲಿಲ್ಲ, ಹೊಸದು 480 ಕೊಟ್ಟು ತಂದ ಮೇಲೂ ಪೂರ್ತಿ ಸರಿಹೋಗಿಲ್ಲ.)

ಕಕ್ಕ ನೀರಾಗಿ, ಗಬ್ಬು ನಾತ. ಬಿಸಿ ಇರುವಾಗಲೇ ಡಬ್ಬಿಗೆ ಹಾಕಿ ಲ್ಯಾಬಿಗೆ ಒಯ್ದೆ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಕಾಕ್ಸಿಡಿಯಾ, ಅಂದರೆ ಕರುಳಲ್ಲಿ ಬೆಳೆಯೋ ಸೂಕ್ಷ್ಮ ಪರಜೀವಿ, ತುಂಬಿ ತುಳುಕುತ್ತಿದೆ. ಇದು ಸ್ವಲ್ಪ ಸ್ವಲ್ಪ ಬಹಳ ಮರಿಗಳ ಹೊಟ್ಟೆಯಲ್ಲಿ ಇರುತ್ತೆ, ಮರಿ ಸೊರಗಿದರೆ ಏರಿ ಕೂರುತ್ತೆ. ಔಷಧಿ ಅಗ್ಗ, ತೊಳೆಯೋದೇ ಶಿಕ್ಷೆ. ಬ್ಲೀಚಿಗೆ ಕಾಕ್ಸಿಡಿಯಾದ ಮೊಟ್ಟೆ ಜಗ್ಗಲ್ಲ. ಇಪ್ಪತ್ತೊಂದು ದಿನ ಕುದಿಯುವ ನೀರು, ದಿನಾ ಹೊಸ ಪೇಪರು. 1,800ರ ಮರದ ಕೊಂಬೆ ಒಲೆಗೆ ಹೋಯಿತು. ಒಂದೇ ಟ್ಯಾಂಕಲ್ಲಿ ಎರಡು ಮರಿ ಇದ್ದವು, ಇನ್ನೊಂದಕ್ಕೂ ಹತ್ತಿತು. ದೊಡ್ಡದು ಚಿಕ್ಕದರ ಬೆರಳು ಬೇರೆ ಕಚ್ಚಿ ತೆಗೆದಿತ್ತು. ಜೋಡಿ ಇರಲಿ ಅಂತ ತಂದದ್ದು ನನ್ನ ದಡ್ಡತನ.

ಹೈದರಾಬಾದೇ ಯಾಕೆ ಎಲ್ಲರಿಗೂ? ನಮ್ಮ ಬೀದರಿನಲ್ಲಿ ಪಶುವೈದ್ಯಕೀಯ ವಿಶ್ವವಿದ್ಯಾಲಯವೇ ಇದೆ, ನಂದಿನಗರದಲ್ಲಿ. ಮೊದಲು ಅಲ್ಲಿ ಫೋನ್ ಮಾಡಿ ಕೇಳಿ.

ಯಾದಗಿರಿ ಬಿಸಿಲು

ಓದಿ ನಗು ಬಂತು. ಬಿಸಿಲು ನಾಡಲ್ಲಿ ಇದ್ದುಕೊಂಡು 4,600ರ ಟ್ಯೂಬು! ಇವು ಆಸ್ಟ್ರೇಲಿಯಾದ ಒಣನೆಲದ ಪ್ರಾಣಿ, ನಮ್ಮ ಯಾದಗಿರಿ ಅದಕ್ಕೆ ತವರುಮನೆ ಇದ್ದ ಹಾಗೆ. ನಾನು ಒಂದು ಟ್ಯೂಬೂ ಕೊಂಡಿಲ್ಲ. ತಂತಿ ಜಾಲರಿ ಪಂಜರ, ಅರ್ಧ ನೆರಳು, ಬೆಳಿಗ್ಗೆ ಎಂಟರಿಂದ ಒಂಬತ್ತು ಮಾಳಿಗೆ ಮೇಲೆ. ಎರಡು ವರ್ಷ ಆಯಿತು, ಹುಲಿ ಹಾಗಿದೆ. ಅಂಗಡಿಯವರು ಹೇಳಿದ್ದಕ್ಕೆಲ್ಲ ದುಡ್ಡು ಸುರಿಯೋರು ನೀವೇ.

ಖಾಲಿ ಟ್ಯಾಂಕ್

ನಿಮ್ಮಂಥವರ ಮಾತು ಕೇಳಿಯೇ ನಾನು ಏಪ್ರಿಲಲ್ಲಿ ಟ್ಯಾಂಕ್ ಸಮೇತ ಮಾಳಿಗೆಗೆ ಒಯ್ದೆ. ಗಾಜಿನ ಟ್ಯಾಂಕ್. ಹಾಲು ಬಂತು ಅಂತ ಕೆಳಗೆ ಇಳಿದೆ, ಹಾಲಿನವನ ಜೊತೆ ಲೆಕ್ಕದ ಜಗಳ, ಇಪ್ಪತ್ತು ನಿಮಿಷ ಆಗಿರಬೇಕು. ಮೇಲೆ ಬಂದಾಗ ಬಾಯಿ ತೆರೆದುಕೊಂಡು ಮಲಗಿತ್ತು. ಬಿಸಿಲು ಕಾಯುವಾಗ ಬಾಯಿ ತೆರೆಯೋದು ಸಹಜ ಅಂತ ಓದಿದ್ದೆ, ಅದಕ್ಕೇ ಇನ್ನೂ ಎರಡು ನಿಮಿಷ ನಿಂತು ನೋಡಿದೆ. ಎರಡು ನಿಮಿಷ. ಹಾಲಿನವನಿಗೆ ಕೊಡಬೇಕಿದ್ದದ್ದು 36 ರೂಪಾಯಿ.

ಯಾದಗಿರಿ ಬಿಸಿಲು

ಬೇಜಾರಾಯಿತು ಅಣ್ಣಾ. ಆದರೆ ನಾನು ಜಾಲರಿ ಅಂದೆ, ಗಾಜು ಅಂದಿಲ್ಲ.

ಬೀದರ್ ಚಳಿ

ಮಳೆಗಾಲದಲ್ಲಿ ವಾರಗಟ್ಟಲೆ ಮೋಡ ಕವಿದಾಗ ನಿಮ್ಮ ಹುಲಿ ಏನು ಮಾಡುತ್ತೆ?

ಯಾದಗಿರಿ ಬಿಸಿಲು

ಕ್ಯಾಲ್ಸಿಯಂ ಪುಡಿ ತಿನ್ನುತ್ತೆ, ವಿಟಮಿನ್ ಡಿ3 ಇರೋದು. ಟ್ಯೂಬ್ ಕೊಂಡಿಲ್ಲ ಅಂದೆ, ತಲೆ ಇಲ್ಲ ಅಂದಿಲ್ಲ.

ಅಜ್ಜಿ ಸಾಕಿದ ಓತಿಕ್ಯಾತ

ನಮ್ಮ ಅನುಭವವೂ ಇರಲಿ. ಡಾಕ್ಟರು ಕ್ಯಾಲ್ಸಿಯಂ ಕೊಡಿ ಅಂದದ್ದನ್ನ ಅಜ್ಜಿ ಕೇಳಿಸಿಕೊಂಡರು. ಅವರ ಎಲೆ ಅಡಿಕೆ ಡಬ್ಬಿಯಲ್ಲಿ ಸುಣ್ಣ ಇರುತ್ತಲ್ಲ, ಅದನ್ನ ಬೆರಳಿಂದ ಅದರ ಬಾಯಿಗೆ ಹಚ್ಚಿದರು. ಬಾಯಿ ಸುಟ್ಟು ಒಂಬತ್ತು ದಿನ ಏನೂ ತಿನ್ನಲಿಲ್ಲ. ಅಜ್ಜಿಗೆ ಬೈಯೋಕೆ ಆಗುತ್ತಾ? ತಾವೇ ಅಳುತ್ತ ಕೂತಿದ್ದರು. ಈಗ ಅವರೇ ನುಗ್ಗೆಸೊಪ್ಪು ಬಿಡಿಸಿ ಸಣ್ಣಗೆ ಹೆಚ್ಚಿ ಇಡುತ್ತಾರೆ. ಆದರೆ ದಿನಾ ಪುಂಡಿ ಪಲ್ಯವನ್ನೂ ಹಾಕುತ್ತಿದ್ದರು, ಅದನ್ನ ನಿಲ್ಲಿಸಿದೆವು. ಪಾಲಕ್ ಥರನೇ ಅದು, ಹುಳಿ ಸೊಪ್ಪಿನ ಆಕ್ಸಲೇಟು ಹೊಟ್ಟೆಯಲ್ಲೇ ಕ್ಯಾಲ್ಸಿಯಂ ಹಿಡಿದುಕೊಂಡು ಬಿಡುತ್ತೆ.

ತೊಗರಿ ಹೊಲ

ಪುಂಡಿ ಪಲ್ಯಕ್ಕೂ ಬಂತಾ ಕುತ್ತು! ರೊಟ್ಟಿ ಜೊತೆ ಅದನ್ನೇ ತಿಂದು ಬೆಳೆದವರು ನಾವು, ಯಾರ ಎಲುಬೂ ಸೊಟ್ಟ ಆಗಿಲ್ಲ.

ಅಜ್ಜಿ ಸಾಕಿದ ಓತಿಕ್ಯಾತ

ನೀವು 28 ಗ್ರಾಂ ಇದ್ದೀರಾ ಕಾಕಾ?

ಫರ್ಸಿ ಮನೆ

ಹುಡುಗ ಎಲ್ಲಿ? ತಮ್ಮಾ, ಮರಿ ಕೂರೋ ಜಾಗದ ಬಿಸಿ ಎಷ್ಟು? ಗೋಡೆಗೆ ಅಂಟಿಸಿದ ಗುಂಡನೆ ಥರ್ಮಾಮೀಟರ್ ಲೆಕ್ಕಕ್ಕಿಲ್ಲ, ಅದು ಗೋಡೆಯ ಬಿಸಿ ಹೇಳುತ್ತೆ. ಮರಿಗೆ ಕಾಯುವ ಕಲ್ಲು 40 ಡಿಗ್ರಿ ಹತ್ತಿರ ಇರಬೇಕು, ಇಲ್ಲದಿದ್ದರೆ ತಿಂದದ್ದು ಕರಗಲ್ಲ. ಸೂಪರ್‌ವರ್ಮ್ ಎಷ್ಟು ದಪ್ಪ? ಎರಡು ಕಣ್ಣಿನ ನಡುವಿನ ಅಗಲಕ್ಕಿಂತ ದೊಡ್ಡದು ಹಾಕಿದೆಯಾ? ಮೂರು ತಿಂಗಳ ಮರಿಗೆ ಅದು ಕಲ್ಲು ನುಂಗಿದ ಹಾಗೆ.

ಖಾಲಿ ಟ್ಯಾಂಕ್

ಈಗ ನಿಮಗೂ ಹೊಟ್ಟೆದು ಅನ್ನಿಸಿತಾ? ಬೆಳಿಗ್ಗೆ ನೂರಕ್ಕೆ ನೂರು ಅಂದಿದ್ದಿರಿ.

ಫರ್ಸಿ ಮನೆ

ಎರಡೂ ಇರಬಹುದು. ಕ್ಯಾಲ್ಸಿಯಂ ಇಳಿದರೆ ಕರುಳೂ ಸೋಮಾರಿ ಆಗುತ್ತೆ, ನನಗೆ ಡಾಕ್ಟರೇ ಹೇಳಿದ್ದು. ನಿಮ್ಮ ಟ್ಯಾಂಕ್ ಮಾರುತ್ತೀರಾ ಹೇಗೆ?

ಖಾಲಿ ಟ್ಯಾಂಕ್

ಇಲ್ಲ.

ಸೇಡಂ ರೋಡ್ ಹುಡುಗ

ಕ್ಷಮಿಸಿ, ಕರೆಂಟ್ ಹೋಗಿತ್ತು. ಎಲ್ಲ ಓದಿದೆ. ಪರಿಚಯದ ಎಲೆಕ್ಟ್ರಿಷಿಯನ್ ಹತ್ತಿರ ಇನ್ಫ್ರಾರೆಡ್ ಗನ್ ಇತ್ತು, ಹಿಡಿದು ನೋಡಿದೆ. ಕಲ್ಲು 31 ತೋರಿಸಿತು. ಗೋಡೆ ಮೇಲಿನದು 39 ಅಂತಿತ್ತು. ಮರಳು ಪೂರ್ತಿ ತೆಗೆದೆ, ಪೇಪರ್ ಹಾಸಿದೆ. ಉಗುರುಬೆಚ್ಚಗಿನ ನೀರನ್ನ ಮರಿಯ ಮೊಣಕೈ ಮುಳುಗುವಷ್ಟೇ ಹಾಕಿ, ಅದರಲ್ಲಿ ಹದಿನೈದು ನಿಮಿಷ ಇಟ್ಟೆ. ಸ್ವಲ್ಪ ಕಕ್ಕ ಆಯಿತು. ಗಟ್ಟಿ ಇದೆ, ಉಜ್ಜಿದರೆ ಮರಳು ಕೈಗೆ ಹತ್ತುತ್ತೆ. ಡಬ್ಬಿಗೆ ಹಾಕಿ ಫ್ರಿಜ್‌ನಲ್ಲಿ ಇಟ್ಟಿದ್ದೇನೆ, ಅಮ್ಮನಿಗೆ ಇನ್ನೂ ಹೇಳಿಲ್ಲ. ಕಾಲು ಮಾತ್ರ ಈಗಲೂ ನಡುಗುತ್ತಿದೆ. ಬೀದರಿಗೆ ಫೋನ್ ಮಾಡಿದೆ, ಯಾರೂ ಎತ್ತಲಿಲ್ಲ, ಭಾನುವಾರ ಅಲ್ವಾ. ನಾಳೆ ನಸುಕಿಗೆ ಹೈದರಾಬಾದಿಗೆ ಹೊರಡುತ್ತಿದ್ದೇನೆ. ಮಾವನ ಕಾರು ಇದೆ. ಸೇಡಂ, ತಾಂಡೂರು ಮೇಲೆ ಹೋಗೋಣ ಅಂತಿದ್ದಾರೆ.

ಬೀದರ್ ಚಳಿ

ತಾಂಡೂರು ಮೇಲೆ ಬೇಡವೇ ಬೇಡ. ಎಲುಬು ಮೆತ್ತಗಿದ್ದರೆ ಆ ದಾರಿಯ ಕುಲುಕಾಟಕ್ಕೇ ಮುರಿಯುತ್ತೆ. ಹುಮನಾಬಾದಿಗೆ ಬಂದು ಹೆದ್ದಾರಿ ಹಿಡಿ, ಜಹೀರಾಬಾದ್ ಮೇಲೆ ನೆಟ್ಟಗೆ.

ತೊಗರಿ ಹೊಲ

ಸೇಡಂ ರೋಡಿನಲ್ಲಿ ಇರೋನಿಗೆ ಹುಮನಾಬಾದ್ ಯಾಕೆ ತೋರಿಸ್ತೀರಿ? ನಾನು ಹೋದ ತಿಂಗಳು ತಾಂಡೂರು ಮೇಲೇ ಹೋಗಿ ಬಂದೆ, ರೋಡ್ ಚೆನ್ನಾಗಿದೆ.

ಬೀದರ್ ಚಳಿ

ಟ್ರ್ಯಾಕ್ಟರಲ್ಲಿ ಹೋಗಿರಬೇಕು ನೀವು.

ಫರ್ಸಿ ಮನೆ

ಯಾವ ದಾರಿಗಾದರೂ ಹೋಗು ತಮ್ಮಾ, ಮರಿಯನ್ನ ಬಟ್ಟೆ ಹಾಸಿದ ಸಣ್ಣ ಡಬ್ಬಿಯಲ್ಲಿ ಇಟ್ಟುಕೋ. ತೂತು ಇರಲಿ. ಏಸಿ ಗಾಳಿ ನೇರವಾಗಿ ಹೊಡೆಯಬಾರದು. ಆ ಸುರುಳಿ ಬಲ್ಬ್ ಕೂಡ ಜೊತೆಗೆ ಒಯ್ದು ಡಾಕ್ಟರಿಗೆ ತೋರಿಸು. ಕಕ್ಕದ ಡಬ್ಬಿ ಮರೆಯಬೇಡ.