ಎರಡು ಬ್ಯಾಟರಿಯಲ್ಲಿ ಒಂದೇ ಯಾಕೆ ನೀರು ಕುಡಿಯುತ್ತದೆ?

ಪ್ರಶ್ನೆ (ಲಾರಿ ಮಾಲೀಕ): ಅಣ್ಣಾ ನಮಸ್ಕಾರ. ನಮ್ಮದು 2004ರ ಆರು ಚಕ್ರದ ಲಾರಿ, 24 ವೋಲ್ಟಿನದು. ಎಂ-ಸ್ಯಾಂಡ್ ಹೊಡೆಯುತ್ತೇವೆ. ಎರಡೂ ಬ್ಯಾಟರಿ ಹೊಸದು ಹಾಕಿಸಿ ಎಂಟು ತಿಂಗಳೂ ಆಗಿಲ್ಲ. ಒಂದಕ್ಕೆ ಹದಿನೈದು ದಿನಕ್ಕೊಮ್ಮೆ ಡಿಸ್ಟಿಲ್ಡ್ ವಾಟರ್ ಹಾಕಬೇಕು. ಇನ್ನೊಂದರಲ್ಲಿ ನೀರು ಇಳಿಯುವುದೇ ಇಲ್ಲ, ಆದರೆ ಅದು ಡೌನ್. ಬೆಳಿಗ್ಗೆ ಸೆಲ್ಫ್ ಹೊಡೆದರೆ ಒಂದು ಸಲ ಗರ್ ಅಂದು ನಿಂತುಬಿಡುತ್ತದೆ. ಬ್ಯಾಟರಿ ಚಾರ್ಜ್ ಮಾಡುವ ಡೈನಮೋ ಬದಲಿಸಿ ಅಂತ ಮೆಕ್ಯಾನಿಕ್ ಅನ್ನುತ್ತಿದ್ದಾರೆ. ಜೊತೆಗೆ ಬ್ರೇಕ್ ತುಳಿದರೆ ಹಿಂದಿನ ಎಡಗಡೆ ಇಂಡಿಕೇಟರೂ ಮಂಕಾಗಿ ಉರಿಯುತ್ತದೆ. ಎರಡೂ ಒಂದೇ ತೊಂದರೆಯಾ?

ಉತ್ತರ (ಆಟೋ ಎಲೆಕ್ಟ್ರಿಷಿಯನ್): ಬೇರೆ ಬೇರೆ. ಡೈನಮೋಗೆ ಈಗಲೇ ದುಡ್ಡು ಸುರಿಯಬೇಡಿ. ಕ್ಯಾಬಿನ್‌ನಲ್ಲಿ ಟೇಪ್ ಇದೆಯಾ? ಅದಕ್ಕೆ ಕರೆಂಟ್ ಎಲ್ಲಿಂದ ಬರುತ್ತದೆ?

ಪ್ರಶ್ನೆ: ಇದೆ ಅಣ್ಣಾ. ಟೇಪ್, ಮೊಬೈಲ್ ಚಾರ್ಜರ್, ಫ್ಯಾನ್, ದೇವರ ಫೋಟೋದ ಸೀರಿಯಲ್ ಲೈಟು. ಎಲ್ಲಾ 12 ವೋಲ್ಟಿನವು. ಹಳೇ ಡ್ರೈವರ್ ಒಂದು ಬ್ಯಾಟರಿಯಿಂದ ನೇರ ವೈರ್ ಎಳೆದಿದ್ದಾನೆ.

ಉತ್ತರ: ಅದೇ ಕಳ್ಳ. ನನ್ನ ಅಂಗಡಿಗೆ ಬರುವ ಹಳೇ ಲಾರಿಗಳಲ್ಲಿ ಇದನ್ನು ನೋಡಿ ನೋಡಿ ಸಾಕಾಗಿದೆ.

ಎರಡು 12 ವೋಲ್ಟಿನ ಬ್ಯಾಟರಿ ಒಂದರ ಹಿಂದೆ ಒಂದು ಸೇರಿ 24 ಆಗಿದೆ, ಅಲ್ವಾ? ಡೈನಮೋ ಎರಡಕ್ಕೂ ಒಟ್ಟಿಗೆ ಸುಮಾರು 28 ವೋಲ್ಟ್ ಕೊಡುತ್ತದೆ. ಯಾವುದಕ್ಕೆ ಎಷ್ಟು ಅನ್ನುವ ಲೆಕ್ಕ ಅದಕ್ಕಿಲ್ಲ. ನಿಮ್ಮ ಟೇಪು, ಫ್ಯಾನು ಅರ್ತ್ ಕಡೆಯ, ಅಂದರೆ ಮೈನಸ್ ಚಾಸಿಗೆ ಸೇರಿದ ಬ್ಯಾಟರಿಯನ್ನು ಮಾತ್ರ ಹೀರುತ್ತವೆ. ಅದು ಯಾವತ್ತೂ ತುಂಬುವುದಿಲ್ಲ. ಅದರ ಪಾಲಿನ ವೋಲ್ಟು ಕಮ್ಮಿಯಾದಷ್ಟೂ ಇನ್ನೊಂದು ಬ್ಯಾಟರಿಗೆ ಜಾಸ್ತಿ ಬೀಳುತ್ತದೆ. ಆ ಇನ್ನೊಂದು ಕುದಿದು ನೀರು ಕಳೆದುಕೊಳ್ಳುತ್ತದೆ. ಒಂದಕ್ಕೆ ಉಪವಾಸ, ಇನ್ನೊಂದಕ್ಕೆ ಅಜೀರ್ಣ.

ನನ್ನ ಮಾತು ಸುಮ್ನೆ ನಂಬಬೇಡಿ. ಇಂಜಿನ್ ಸ್ವಲ್ಪ ರೇಸ್‌ನಲ್ಲಿಟ್ಟು ಮೀಟರಿನಲ್ಲಿ ಮೊದಲು ಎರಡನ್ನೂ ಸೇರಿಸಿ, ಆಮೇಲೆ ಒಂದೊಂದನ್ನೇ ನೋಡಿ. ಒಟ್ಟು 27.5ರಿಂದ 28.5ರ ಒಳಗಿದ್ದರೆ ಡೈನಮೋ ಸರಿಯಾಗಿಯೇ ಇದೆ. ಒಂದೊಂದಕ್ಕೂ 14ರ ಆಸುಪಾಸು ಬರಬೇಕು.

ಇಂಡಿಕೇಟರ್ ವಿಷಯ ಚಿಕ್ಕದು. ಆ ಟೈಲ್ ಲ್ಯಾಂಪಿನ ಅರ್ತ್ ಕಟ್ ಆಗಿದೆ. ವಾಪಸ್ ಹೋಗಲು ದಾರಿ ಸಿಗದ ಬ್ರೇಕ್ ಲೈಟಿನ ಕರೆಂಟು ಇಂಡಿಕೇಟರ್ ಬಲ್ಬಿನೊಳಗೆ ನುಗ್ಗುತ್ತಿದೆ. ಒಂದು ವೈರ್ ತಗೊಂಡು ಲ್ಯಾಂಪಿನ ಅರ್ತ್‌ನಿಂದ ಚಾಸಿಯ ಬರೀ ಕಬ್ಬಿಣಕ್ಕೆ ತಾಗಿಸಿ. ಪೇಂಟ್ ಮೇಲೆ ತಾಗಿಸಿದರೆ ಏನೂ ಗೊತ್ತಾಗುವುದಿಲ್ಲ.

ಪ್ರಶ್ನೆ: ನೋಡಿದೆ ಅಣ್ಣಾ. ಒಟ್ಟು 28.1. ಒಂದೊಂದೇ ಹಿಡಿದರೆ 12.8 ಮತ್ತು 15.3! ವೈರ್ ತಾಗಿಸಿದ ಕೂಡಲೇ ಇಂಡಿಕೇಟರೂ ಆರಿತು. ಈಗ ಡೌನ್ ಆಗಿರೋ ಬ್ಯಾಟರಿ ಒಂದನ್ನೇ ಬದಲಿಸಲಾ?

ಉತ್ತರ: ಬೇಡ. ಹೊಸದು ಒಂದು, ಹಳೇದು ಒಂದು ಹಾಕಿದರೆ ಮತ್ತೆ ಇದೇ ಜಗಳ. ಮೊದಲು ಆ 12 ವೋಲ್ಟಿನ ವೈರ್ ಕಿತ್ತುಹಾಕಿ. 24ರಿಂದ 12ಕ್ಕೆ ಇಳಿಸುವ ಕನ್ವರ್ಟರ್ ಸಿಗುತ್ತದೆ. ಅದನ್ನು ಫ್ಯೂಸ್ ಹಾಕಿ ಕೂರಿಸಿ, ಟೇಪು, ಚಾರ್ಜರ್ ಎಲ್ಲಾ ಅದಕ್ಕೇ ಕೊಡಿ. ಡೌನ್ ಬ್ಯಾಟರಿಯನ್ನು ಬಿಚ್ಚಿ ಬೇರೆಯಾಗಿ 12 ವೋಲ್ಟ್ ಚಾರ್ಜರಿನಲ್ಲಿ ನಿಧಾನವಾಗಿ ತುಂಬಿಸಿ. 100 ಆಂಪ್ ಅವರ್‌ದಾದರೆ 10 ಆಂಪಿಗಿಂತ ಜಾಸ್ತಿ ಬಿಡಬೇಡಿ. ಒಂದು ರಾತ್ರಿ ಸುಮ್ನೆ ಇಟ್ಟು ನೋಡಿ. 12.6ರ ಹತ್ತಿರ ನಿಂತರೆ ಬದುಕಿದೆ, ಜೋಡಿಗೆ ಹಾಕಿ. ಇಳಿದುಹೋದರೆ ಎರಡನ್ನೂ ಒಟ್ಟಿಗೇ ಬದಲಿಸಿ.

ಬಿಚ್ಚುವಾಗ ಅರ್ತ್ ಕೇಬಲ್ ಮೊದಲು ಬಿಚ್ಚಿ, ಹಾಕುವಾಗ ಅದು ಕೊನೆಗೆ. ಇಲ್ಲದಿದ್ದರೆ ಪ್ಲಸ್ ಬಿಚ್ಚುವಾಗ ಸ್ಪ್ಯಾನರ್ ಚಾಸಿಗೆ ತಾಗಿ ಬೆಂಕಿ ಕಾರುತ್ತದೆ. ನನ್ನ ಉಂಗುರದ ಬೆರಳಿನಲ್ಲಿ ಅದರ ಗುರುತು ಇನ್ನೂ ಇದೆ.

ಪ್ರಶ್ನೆ: ಆಯ್ತಣ್ಣಾ. ಫ್ಯೂಸ್ ಬಾಕ್ಸ್ ತೆಗೆದರೆ ಒಂದು ಕಡೆ ಫ್ಯೂಸ್ ಬದಲು ತಾಮ್ರದ ಎಳೆ ಸುತ್ತಿದ್ದಾರೆ, ಪಾರ್ಕಿಂಗ್ ಲೈಟಿನದು. ಫ್ಯೂಸ್ ಹಾಕಿದರೆ ನಿಲ್ಲಲ್ಲ ಅಂತ.

ಉತ್ತರ: ಇವತ್ತೇ ಕಿತ್ತು ಎಸೆಯಿರಿ. ಆ ಫ್ಯೂಸಿನ ಜಾಗಕ್ಕೆ 24 ವೋಲ್ಟಿನ 21 ವ್ಯಾಟ್ ಬಲ್ಬ್ ಕಟ್ಟಿ, ಪಾರ್ಕಿಂಗ್ ಸ್ವಿಚ್ ಹಾಕಿ. ಬಲ್ಬ್ ಜೋರಾಗಿ ಉರಿದರೆ ಎಲ್ಲೋ ಶಾರ್ಟ್ ಇದೆ. ಒಬ್ಬರು ಬಲ್ಬ್ ನೋಡುತ್ತಿರಲಿ, ನೀವು ವೈರಿಂಗ್ ಅಲ್ಲಾಡಿಸುತ್ತಾ ಹಿಂದಕ್ಕೆ ಹೋಗಿ. ಎಲ್ಲಿ ಅಲ್ಲಾಡಿಸಿದಾಗ ಬಲ್ಬ್ ಮಂಕಾಗುತ್ತದೋ ಅಲ್ಲೇ ವೈರ್ ಸುಲಿದಿದೆ. ಮರಳಿನ ನೀರು ಸೋರುವ ಗಾಡಿ ನಿಮ್ಮದು, ಹಿಂದಿನ ಕ್ರಾಸ್ ಮೆಂಬರ್‌ನಲ್ಲಿ (ಚಾಸಿಯ ಅಡ್ಡ ಕಬ್ಬಿಣದಲ್ಲಿ) ವೈರ್ ಹಾದುಹೋಗುವ ತೂತಿನಿಂದಲೇ ಶುರು ಮಾಡಿ.